ಕಳೆಗೂ ಒಂದು ಹೆಸರು ಕೊಟ್ಟ ಸ್ವಾಮಿ: ಫಾದರ್ ಜುವಾಂವ್ ಡಿ ಲೊರೇರೊ

ಮೊಂತಿ ಹಬ್ಬದ ನೊವೆನಾ ಆರಂಭವಾಯಿತೆಂದರೆ ನಮ್ಮ ಕರಾವಳಿಯ ಮಕ್ಕಳಿಗೆ ಹೂ ಕೊಯ್ಯುವ ಸಂಭ್ರಮ. ಬೇಲಿಯ ಹೂ, ತೋಟದ ಹೂ, ಗದ್ದೆಯ ಬದುವಿನ ಪುಟ್ಟ ನೇರಳೆ ಹೂ, ಗುಡ್ಡದ ಹುಲ್ಲಿನ ನಡುವೆ ಅರಳಿದ ಬಿಳಿ ಹೂ, ಎಲ್ಲವೂ ಬುಟ್ಟಿ ಸೇರಿ ಕನ್ಯಾ ಮರಿಯಮ್ಮನವರ ಪಾದ ಸೇರುತ್ತವೆ. ಗುಲಾಬಿ, ದಾಸವಾಳಗಳ ಹೆಸರು ಮಕ್ಕಳಿಗೆ ಗೊತ್ತು. ಗದ್ದೆಯ ಬದುವಿನ ಹೂವಿನ ಹೆಸರು ಕೇಳಿದರೆ ಮಕ್ಕಳು ನಮ್ಮ ಮುಖ ನೋಡುತ್ತಾರೆ, ನಾವು ಹಿರಿಯರ ಮುಖ ನೋಡುತ್ತೇವೆ. ಅದು ಕಾಡು ಹೂ ಎಂದು ಹೇಳಿ ಎಲ್ಲರೂ ಮುಂದೆ ಸಾಗುತ್ತೇವೆ.

ಹಾಗೆ ಮುಂದೆ ಸಾಗಲು ಒಪ್ಪದ ಒಬ್ಬ ಧರ್ಮಗುರುವಿನ ಜೀವನವನ್ನು ಈ ಬಾರಿ ಓದುಗರ ಮುಂದಿಡಲು ನಾವು ಇಚ್ಛಿಸುತ್ತೇವೆ. ಅವರು ಯೇಸು ಸಭೆಯ ಫಾದರ್ ಜುವಾಂವ್ ಡಿ ಲೊರೇರೊ. ಸಸ್ಯಶಾಸ್ತ್ರ ಓದಿದವರಿಗೆಲ್ಲ ಅವರ ಹೆಸರು ಪರಿಚಿತ. ಗಿಡಗಳ ಲ್ಯಾಟಿನ್ ಹೆಸರಿನ ಕೊನೆಯಲ್ಲಿ ಲೂರ್ ಎಂಬ ಚಿಕ್ಕ ಗುರುತು ಕಂಡರೆ ಅದು ಈ ಸ್ವಾಮಿಯ ಗುರುತು. ಧರ್ಮಸಭೆಯ ಮಕ್ಕಳಾದ ನಮಗೆ ಮಾತ್ರ ಅವರ ಪರಿಚಯ ಕಡಿಮೆ.

ಲಿಸ್ಬನ್‌ನಿಂದ ಗೋವಾಕ್ಕೆ

ಲೊರೇರೊ ಅವರು ಜನಿಸಿದ್ದು 1717ರಲ್ಲಿ, ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ. ಹದಿಹರೆಯದಲ್ಲೇ ಯೇಸು ಸಭೆಯನ್ನು ಸೇರಿದರು. ಪೂರ್ವದೇಶಗಳಿಗೆ ಹೊರಟ ಆ ಕಾಲದ ಮಿಶನರಿಗಳಂತೆ ಅವರೂ ಹಡಗು ಹತ್ತಿ ಮೊದಲು ಬಂದದ್ದು ನಮ್ಮ ನೆರೆಯ ಗೋವಾಕ್ಕೆ. ಅಲ್ಲಿ ಮೂರು ವರ್ಷ ಇದ್ದರು. ಬಳಿಕ ಚೀನಾದ ಕರಾವಳಿಯ ಮಕಾವ್‌ನಲ್ಲಿ ನಾಲ್ಕು ವರ್ಷ. 1742ರಲ್ಲಿ ಕೊಚಿಂಚೀನಕ್ಕೆ ತೆರಳಿದರು. ಇಂದಿನ ವಿಯೆಟ್ನಾಮ್ ದೇಶದ ಮಧ್ಯ ಮತ್ತು ದಕ್ಷಿಣ ಭಾಗಕ್ಕೆ ಆಗ ಆ ಹೆಸರಿತ್ತು. ನಮ್ಮ ಕೇರಳದ ಕೊಚ್ಚಿಯೊಂದಿಗೆ ಗೊಂದಲವಾಗದಿರಲಿ ಎಂದು ಪೋರ್ಚುಗೀಸರು ಚೀನ ಎಂಬುದನ್ನು ಸೇರಿಸಿ ಕರೆದ ಹೆಸರದು. ಒಂದೇ ಹೆಸರಿನ ಎರಡು ವಸ್ತುಗಳನ್ನು ಬೇರ್ಪಡಿಸುವ ಕೆಲಸ ಈ ಸ್ವಾಮಿಗೆ ಅವರು ಕಾಲಿಟ್ಟ ನೆಲದ ಹೆಸರಿನಿಂದಲೇ ಆರಂಭವಾಯಿತು ಎನ್ನಬಹುದು.

ಅಲ್ಲಿ ಅವರು ಸುಮಾರು 35 ವರ್ಷ ಬಾಳಿದರು. ಕ್ರೈಸ್ತ ಧರ್ಮಪ್ರಚಾರಕ್ಕೆ ಆ ರಾಜ್ಯದಲ್ಲಿ ಮುಕ್ತ ಅವಕಾಶವಿರಲಿಲ್ಲ. ಗಣಿತ ಮತ್ತು ಪ್ರಕೃತಿ ವಿಜ್ಞಾನ ಬಲ್ಲವರಿಗೆ ಮಾತ್ರ ಅರಮನೆಯಲ್ಲಿ ಮನ್ನಣೆ ಇತ್ತು. ಆ ಮನ್ನಣೆಯ ನೆರಳಿನಲ್ಲಿ ಅವರು ನೆಲೆ ನಿಂತರು. ಜನರ ಕಾಯಿಲೆಗಳಿಗೆ ಮದ್ದು ಕೊಡುವ ಹೊಣೆಯೂ ಅವರ ಮೇಲೆ ಬಿತ್ತು. ಯುರೋಪಿನ ಔಷಧಿಗಳು ಹಡಗಿನಲ್ಲಿ ಬರಬೇಕು, ಬಂದರೂ ಸಾಲದು. ಬೇರೆ ದಾರಿ ಕಾಣದೆ ಅವರು ಊರಿನ ವೈದ್ಯರು ಬಳಸುವ ಬೇರು, ಎಲೆ, ತೊಗಟೆಗಳತ್ತ ತಿರುಗಿದರು.

ಇಲ್ಲಿಯೇ ಅವರ ನಿಜವಾದ ಕಷ್ಟ ಶುರುವಾಯಿತು. ಒಂದೇ ಬಗೆಯ ಎಲೆಯ ಎರಡು ಗಿಡಗಳಿದ್ದರೆ ಜ್ವರಕ್ಕೆ ಕೊಡಬೇಕಾದದ್ದು ಯಾವುದು? ತಪ್ಪು ಗಿಡ ಕೊಟ್ಟರೆ ರೋಗಿಯ ಗತಿ ಏನು? ನಮ್ಮೂರಲ್ಲಿಯೂ ಬ್ರಾಹ್ಮಿ ಎಂದರೆ ಕೆಲವರಿಗೆ ಒಂದೆಲಗ, ಇನ್ನು ಕೆಲವರಿಗೆ ನೀರಿನಂಚಿನಲ್ಲಿ ಹರಡುವ ಇನ್ನೊಂದೇ ಗಿಡ. ಎರಡೂ ಒಂದೇ ಹೆಸರಿನಲ್ಲಿ ಅಂಗಡಿಗೆ ಬರುತ್ತವೆ. ಆ ಕಾಲದ ಮಿಶನರಿಗೆ ಕೇಳಲು ತಜ್ಞರಿರಲಿಲ್ಲ, ನೋಡಲು ಪುಸ್ತಕವಿರಲಿಲ್ಲ.

ಹಡಗಿನ ಕಪ್ತಾನ ಕೊಟ್ಟ ಪುಸ್ತಕಗಳು

ಅವರ ನೆರವಿಗೆ ಬಂದವನು ಥಾಮಸ್ ರಿಡೆಲ್ ಎಂಬ ಇಂಗ್ಲಿಷ್ ಹಡಗಿನ ಕಪ್ತಾನ. ಸ್ವೀಡನ್‌ನ ವಿಜ್ಞಾನಿ ಲಿನ್ನೇಯಸ್ ಬರೆದ ಗ್ರಂಥಗಳನ್ನು ಆತ ಲೊರೇರೊ ಅವರಿಗೆ ಒದಗಿಸಿದನು. ಇಡೀ ಲೋಕದ ಗಿಡಗಳಿಗೆ ಎರಡೆರಡು ಪದಗಳ ಹೆಸರು ಕೊಡುವ ಕ್ರಮವನ್ನು ಲಿನ್ನೇಯಸ್ 1753ರ ಗ್ರಂಥದಲ್ಲಿ ಆರಂಭಿಸಿದ್ದನು. ಮೊದಲ ಪದ ಮನೆತನದಂತೆ, ಎರಡನೆಯದು ಜ್ಞಾನಸ್ನಾನದ ಹೆಸರಿನಂತೆ. ಕಪ್ತಾನನು ಪ್ರೊಟೆಸ್ಟೆಂಟ್ ರಾಷ್ಟ್ರದವನು, ಲಿನ್ನೇಯಸ್ ಲೂಥರನ್ ಪಂಥದ ಪಾದ್ರಿಯ ಮಗ, ಓದಿದವರು ಕಥೋಲಿಕ ಗುರು. ಗಿಡದ ಮುಂದೆ ಆ ಭೇದಗಳು ಅಡ್ಡ ಬರಲಿಲ್ಲ.

ಲೊರೇರೊ ಗಿಡವೊಂದನ್ನು ಕೈಗೆತ್ತಿಕೊಂಡು ಅದರ ಹೂವನ್ನು ಬಿಡಿಸಿ, ಕೇಸರಗಳನ್ನು ಎಣಿಸಿ, ಪುಸ್ತಕದೊಂದಿಗೆ ಹೋಲಿಸಿ ನೋಡುತ್ತಿದ್ದರು. ಲ್ಯಾಟಿನ್ ಹೆಸರಿನ ಜೊತೆಗೆ ಆ ನಾಡಿನ ಜನ ಕರೆಯುವ ಹೆಸರು, ಚೀನೀ ಹೆಸರು, ಯಾವ ಕಾಯಿಲೆಗೆ ಬಳಸುತ್ತಾರೆ ಎಂಬುದನ್ನೂ ಬರೆದಿಟ್ಟರು. ಜ್ವರಕ್ಕೆ ಬಳಸುವ ಒಂದು ಪೊದೆಗೆ ಅವರು ಕೊಟ್ಟ ಡೈಕ್ರೋವ ಫೆಬ್ರಿಫ್ಯೂಗ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಹೆಸರಿನ ಅರ್ಥವೇ ಜ್ವರ ಓಡಿಸುವುದು ಎಂದು. ನಂತರದ ವಿಜ್ಞಾನಿಗಳು ಅದರಲ್ಲಿ ಮಲೇರಿಯ ವಿರುದ್ಧದ ಸತ್ವವನ್ನು ಕಂಡುಕೊಂಡರು. ಆರ್ಕಿಡ್ ಬೆಳೆಸುವವರು ಬಾಯ್ತುಂಬ ಹೇಳುವ ಏರಿಡೀಸ್, ರೆನಾಂತೆರ ಎಂಬ ಹೆಸರುಗಳೂ ಇದೇ ಸ್ವಾಮಿ ಇಟ್ಟವು.

ಸಭೆಯೇ ಇಲ್ಲವಾದ ದಿನಗಳು

ಗಿಡಗಳ ನಡುವೆ ಅವರು ಹೀಗೆ ದುಡಿಯುತ್ತಿರುವಾಗ ಅವರ ಬೆನ್ನ ಹಿಂದಿನ ಗೋಡೆಯೇ ಕುಸಿಯುತ್ತಿತ್ತು. 1759ರಲ್ಲಿ ಪೋರ್ಚುಗಲ್ ಸರಕಾರ ಯೇಸು ಸಭೆಯವರನ್ನು ತನ್ನ ನಾಡಿನಿಂದ ಮತ್ತು ವಸಾಹತುಗಳಿಂದ ಹೊರಹಾಕಿತು. ಗೋವಾದಲ್ಲಿದ್ದ ಸಭೆಯ ಗುರುಗಳನ್ನು ಬಂಧಿಸಿ ಹಡಗು ಹತ್ತಿಸಲಾಯಿತು. 1773ರಲ್ಲಿ ಜಗದ್ಗುರು 14ನೇ ಕ್ಲೆಮೆಂಟರು ಸಭೆಯನ್ನೇ ವಿಸರ್ಜಿಸಿದರು. ಹದಿಹರೆಯದಲ್ಲಿ ಸೇರಿದ ಮನೆ, ಐವತ್ತು ದಾಟಿದ ಮೇಲೆ ಇಲ್ಲವಾಯಿತು. ಸಭೆ ಮತ್ತೆ ಸ್ಥಾಪನೆಯಾದದ್ದು 1814ರಲ್ಲಿ. ಅದನ್ನು ನೋಡಲು ಲೊರೇರೊ ಬದುಕಿರಲಿಲ್ಲ.

ಇಂಥ ಹೊತ್ತಿನಲ್ಲಿ ಒಬ್ಬ ಗುರು ಏನು ಮಾಡಬೇಕು? ಕಹಿಯಾಗಬಹುದು, ಕೈಚೆಲ್ಲಬಹುದು. ಲೊರೇರೊ ಗಿಡಗಳನ್ನು ಬರೆಯುವುದನ್ನು ನಿಲ್ಲಿಸಲಿಲ್ಲ. ಕೊಚಿಂಚೀನದಲ್ಲಿ ಬಂಡಾಯ, ಯುದ್ಧಗಳು ಹೆಚ್ಚಿದಾಗ 1777ರಲ್ಲಿ ಅಲ್ಲಿಂದ ಹೊರಟು ಚೀನಾದ ಕ್ಯಾಂಟನ್ ಪಟ್ಟಣ ಸೇರಿದರು. ಅಲ್ಲಿ ವಿದೇಶಿಯರು ಮನಬಂದಂತೆ ಹಳ್ಳಿ ಸುತ್ತುವಂತಿರಲಿಲ್ಲ. ಗಿಡಗಳನ್ನು ಬಲ್ಲ ಅಲ್ಲಿಯ ರೈತನೊಬ್ಬ ಅವರಿಗೆ ಗಿಡಗಳನ್ನು ತಂದು ಕೊಡುತ್ತಿದ್ದನು. ಆ ರೈತನ ಹೆಸರು ಗ್ರಂಥದ ಮುಖಪುಟದಲ್ಲಿಲ್ಲ. ಆತನಿಲ್ಲದಿದ್ದರೆ ಗ್ರಂಥದ ಎಷ್ಟೋ ಪುಟಗಳು ಇರುತ್ತಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಊರಿಗೆ ಮರಳುವ ದಾರಿಯಲ್ಲಿ ಹಡಗು ಆಫ್ರಿಕದ ಮೊಜಾಂಬಿಕ್‌ನಲ್ಲಿ ತಂಗಿತು. ಅಲ್ಲಿಯೂ ಗಿಡ ಹುಡುಕಿದರು. ನಾಲ್ಕು ದಶಕಗಳಿಗೂ ಮೀರಿದ ಅಗಲಿಕೆಯ ನಂತರ ಲಿಸ್ಬನ್ ಸೇರಿದಾಗ ಅವರಿಗೆ ಅರುವತ್ತು ದಾಟಿತ್ತು. 1784ರಲ್ಲಿ ನಮ್ಮ ಕೆನರಾದ ಪೂರ್ವಜರು ಶ್ರೀರಂಗಪಟ್ಟಣದ ಸೆರೆಗೆ ನಡೆದ ಆ ವರ್ಷಗಳಲ್ಲೇ ಈ ವೃದ್ಧ ಗುರು ಲಿಸ್ಬನ್‌ನಲ್ಲಿ ಕುಳಿತು ತಮ್ಮ ಟಿಪ್ಪಣಿಗಳನ್ನು ಗ್ರಂಥವಾಗಿ ತಿದ್ದುತ್ತಿದ್ದರು. 1790ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿ ಅವರ ಫ್ಲೋರಾ ಕೊಚಿಂಚಿನೆನ್ಸಿಸ್ ಗ್ರಂಥವನ್ನು ಎರಡು ಸಂಪುಟಗಳಲ್ಲಿ ಮುದ್ರಿಸಿತು. ಮರುವರ್ಷ, 1791ರ ಅಕ್ಟೋಬರ್ 18ರಂದು ಅವರು ದೇವರ ಪಾದ ಸೇರಿದರು.

ಹಳದಿ ಹೂವಿನ ಚಿಕ್ಕ ಗಿಡ

ಆ ಗ್ರಂಥದಲ್ಲಿರುವ ನೂರಾರು ಗಿಡಗಳ ನಡುವೆ ಗೇಣುದ್ದದ ಒಂದು ಗಿಡವಿದೆ. ಲೊರೇರೊ ಅದಕ್ಕೆ ಸ್ಟ್ರೈಗ ಎಂಬ ಹೊಸ ಮನೆತನವನ್ನೇ ಕಲ್ಪಿಸಿ, ಹೂವು ಹಳದಿಯಾದ್ದರಿಂದ ಸ್ಟ್ರೈಗ ಲೂಟಿಯ ಎಂದು ಕರೆದರು. ಅಂದಿನ ವಿಜ್ಞಾನದಲ್ಲಿ ಇದು ಸ್ಕ್ರೋಫುಲೇರಿಯೇಸಿ ಎಂಬ ದೊಡ್ಡ ಕುಟುಂಬಕ್ಕೆ ಸೇರಿತು. ಯುರೋಪಿನಲ್ಲಿ ಗಂಡಮಾಲೆ ರೋಗಕ್ಕೆ ಮದ್ದೆಂದು ಬಳಸುತ್ತಿದ್ದ ಗಿಡದಿಂದ ಆ ಕುಟುಂಬಕ್ಕೆ ಹೆಸರು ಬಂದಿದೆ. ನಮ್ಮ ಗದ್ದೆ ಬದುವಿನ ಪುಟ್ಟ ನೇರಳೆ ಹೂಗಳಲ್ಲಿ ಹಲವು, ನೀರಂಚಿನ ಬ್ರಾಹ್ಮಿ ಕೂಡ, ಬಹಳ ಕಾಲ ಇದೇ ಕುಟುಂಬದ ಪಟ್ಟಿಯಲ್ಲಿದ್ದವು.

ಈ ಗಿಡ ನಮ್ಮ ರೈತರಿಗೆ ಹೊಸತಲ್ಲ. ಉತ್ತರ ಕರ್ನಾಟಕದ ಜೋಳ, ಕಬ್ಬಿನ ಹೊಲಗಳಲ್ಲಿ ಬಿಳಿ ಕಸ ಎಂದು ಕರೆಯುವುದು ಇದೇ ಮನೆತನದ ಗಿಡವನ್ನು. ಇಂಗ್ಲಿಷಿನವರು ಇದನ್ನು ಮಾಟಗಾತಿಯ ಕಳೆ ಎನ್ನುತ್ತಾರೆ. ಕಾರಣವಿದೆ. ಇದರ ಬೀಜ ಧೂಳಿನಷ್ಟು ಸಣ್ಣದು. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅವು ಮಣ್ಣಿನಲ್ಲಿ ಹತ್ತಾರು ವರ್ಷ ಕಾಯಬಲ್ಲವು. ಜೋಳದ ಬೇರು ಹತ್ತಿರ ಬಂದು ಅದರಿಂದ ಒಸರುವ ರಸದ ಸುಳಿವು ಸಿಕ್ಕಾಗ ಮೊಳೆತು, ಬೇರಿಗೆ ಅಂಟಿ, ನೀರನ್ನೂ ಸತ್ವವನ್ನೂ ಹೀರತೊಡಗುತ್ತವೆ. ಕಳೆ ಇನ್ನೂ ನೆಲದ ಮೇಲೆ ಕಾಣಿಸಿರುವುದಿಲ್ಲ, ಪೈರು ಆಗಲೇ ಸೊರಗಿರುತ್ತದೆ. ಯಾರೋ ಮಾಟ ಮಾಡಿದರೇನೋ ಎಂದು ರೈತ ಹೆದರಿದರೆ ಆಶ್ಚರ್ಯವಿಲ್ಲ.

ಲೊರೇರೊ ಕೊಟ್ಟ ಹೆಸರಿಗೆ ತೊಡಕು ಬೇಗನೆ ಬಂತು. ಲಿನ್ನೇಯಸ್ 1753ರಲ್ಲೇ ಬುಖ್ನೆರ ಏಷ್ಯಾಟಿಕ ಎಂಬ ಗಿಡವನ್ನು ವರ್ಣಿಸಿದ್ದನು. ಅದೂ ಇದೂ ಒಂದೆಯೋ, ಎರಡೋ? ಈ ಗಿಡದ ಹೂವು ಆಫ್ರಿಕದಲ್ಲಿ ಕೆಂಪು, ನಮ್ಮಲ್ಲಿ ಹೆಚ್ಚಾಗಿ ಬಿಳಿ, ಅಲ್ಲಲ್ಲಿ ಹಳದಿ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾರ್ಜ್ ಬೆಂಥಮ್ ಭಾರತದ ಇನ್ನಷ್ಟು ಗಿಡಗಳನ್ನು ಸ್ಟ್ರೈಗ ಮನೆತನಕ್ಕೆ ತಂದರು. 1891ರಲ್ಲಿ ಜರ್ಮನಿಯ ಕುಂಟ್ಸೆ ಲಿನ್ನೇಯಸನ ಗಿಡವನ್ನೂ ಸ್ಟ್ರೈಗ ಏಷ್ಯಾಟಿಕ ಎಂದು ಇದೇ ಮನೆಗೆ ಸೇರಿಸಿದರು. ಆ ಮೇಲೆ ಕೆಲವರು ಲೂಟಿಯ ಎಂದು ಬರೆದರು, ಕೆಲವರು ಏಷ್ಯಾಟಿಕ ಎಂದರು. ಪಕ್ಕದ ಜಾತಿಯ ಗಿಡಕ್ಕೂ ಅದೇ ಹೆಸರು ಅಂಟಿಕೊಂಡದ್ದುಂಟು.

ಕೈಯಲ್ಲಿ ಹಿಡಿದು ನೋಡಿದರೆ ವ್ಯತ್ಯಾಸ ಅಡಗಿರುವುದು ಹೂವಿನ ಬಣ್ಣದಲ್ಲಿ ಅಲ್ಲ. ಹೂವಿನ ಬುಡವನ್ನು ಹಿಡಿದಿರುವ ಹಸಿರು ಬಟ್ಟಲನ್ನು ನೋಡಬೇಕು. ಅದರ ಮೇಲೆ ಉದ್ದಕ್ಕೆ ಉಬ್ಬುಗೆರೆಗಳಿವೆ. ಸ್ಟ್ರೈಗ ಡೆನ್ಸಿಫ್ಲೋರದಲ್ಲಿ ಐದು ಗೆರೆ. ಏಷ್ಯಾಟಿಕದಲ್ಲಿ ಸಾಮಾನ್ಯವಾಗಿ ಹತ್ತು. ನಮ್ಮ ಪಶ್ಚಿಮದ ಹುಲ್ಲುಗಾವಲುಗಳಲ್ಲಿ ಮಳೆಗಾಲ ಕಳೆಯುವ ಹೊತ್ತಿಗೆ ಬಿಳಿ ಹೂ ಬಿಡುವ ಅಂಗುಸ್ಟಿಫೋಲಿಯದಲ್ಲಿ ಹದಿನೈದು. ಐದು, ಹತ್ತು, ಹದಿನೈದು. ಎಣಿಸಲು ಬಂದರೆ ಸಾಕು, ಆದರೆ ಬಗ್ಗಿ ಎಣಿಸಬೇಕು.

ತಪ್ಪುಗಳ ಲೆಕ್ಕ

ಲೊರೇರೊ ತಪ್ಪೇ ಮಾಡಲಿಲ್ಲ ಎಂದು ಹೇಳಲು ನಾವು ಹೊರಟಿಲ್ಲ. ಎದುರಿಗೆ ಬೇರೆ ಒಣಗಿಡಗಳ ಸಂಗ್ರಹವಿಲ್ಲದೆ ಬರೀ ಪುಸ್ತಕದ ವಿವರಣೆ ನೋಡಿ ಅವರು ಎಷ್ಟೋ ಗಿಡಗಳಿಗೆ ಲಿನ್ನೇಯಸನ ಹೆಸರನ್ನು ತಪ್ಪಾಗಿ ಅಂಟಿಸಿದ್ದಾರೆ. ಅಗರು ಮರದ ಬಗ್ಗೆ ಅವರು ಬರೆದ ಲಕ್ಷಣಗಳು ನಿಜವಾದ ಅಗರು ಮರಕ್ಕೆ ಹೊಂದುವುದಿಲ್ಲ. ಅವರು ಒಣಗಿಸಿಟ್ಟ ಗಿಡಗಳಲ್ಲಿ ಒಂದಷ್ಟು ಮಾತ್ರ ಉಳಿದವು. ಕೆಲವು ಲಂಡನ್ ಸೇರಿದ್ದವು. ಲಿಸ್ಬನ್‌ನಲ್ಲಿದ್ದವುಗಳನ್ನು 1808ರಲ್ಲಿ ನೆಪೋಲಿಯನ್ನನ ಸೈನ್ಯ ಅಲ್ಲಿದ್ದಾಗ ಪ್ಯಾರಿಸ್‌ಗೆ ಸಾಗಿಸಲಾಯಿತು. ಉಳಿದ ಗಿಡಗಳಿಗೆ ಅವರ ಮಾತೇ ಸಾಕ್ಷಿ.

ಆದ್ದರಿಂದ ಅವರ ಗ್ರಂಥ ಮುಂದಿನವರಿಗೆ ಒಗಟಾಯಿತು. ಅಮೆರಿಕದ ಎಲ್ಮರ್ ಮೆರಿಲ್ ಎಂಬ ಸಸ್ಯಶಾಸ್ತ್ರಜ್ಞರು ಲೊರೇರೊ ಓಡಾಡಿದ ಪ್ರದೇಶಗಳ ಗಿಡಗಳನ್ನೇ ಕೂಡಿಸಿ, ಅವರ ಒಂದೊಂದು ವಿವರಣೆಗೂ ಹೊಂದಿಸಿ ನೋಡಿ 1935ರಲ್ಲಿ ದೊಡ್ಡದೊಂದು ವ್ಯಾಖ್ಯಾನವನ್ನು ಪ್ರಕಟಿಸಿದರು. ಗ್ರಂಥ ಬಂದು ಆಗಲೇ 145 ವರ್ಷಗಳಾಗಿದ್ದವು. ಅಷ್ಟು ಕಾಲದ ಮೇಲೂ ಆ ಶ್ರಮ ಸಾಧ್ಯವಾಗಲು ಕಾರಣ ಒಂದೇ. ಲೊರೇರೊ ಕಂಡದ್ದನ್ನು ಕಂಡ ಹಾಗೆ, ಊರಿನ ಹೆಸರು ಸಮೇತ ಬರೆದಿಟ್ಟಿದ್ದರು. ಅವರು ಇಟ್ಟ ಹೆಸರು ತಪ್ಪಿದ ಕಡೆಯೂ ಜನರ ಬಾಯಿಯ ಹೆಸರು ದಾರಿ ತೋರಿಸಿತು.

ಬೆಂಗಳೂರಿನ ಸಲ್ಡಾನ್ಹಾ ಸ್ವಾಮಿ

ಸ್ಟ್ರೈಗದ ಕಥೆ ನಮ್ಮ ಮನೆಯಂಗಳಕ್ಕೂ ಬರುತ್ತದೆ. ಮುಂಬಯಿಯ ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಯೇಸು ಸಭೆಯ ಫಾದರ್ ಎಥೆಲ್ಬರ್ಟ್ ಬ್ಲಾಟರ್ ಅವರು ಕಟ್ಟಿದ ಒಣಗಿಡಗಳ ಸಂಗ್ರಹವಿದೆ. ಅವರ ನಂತರ ಸ್ಪೇನ್‌ನಲ್ಲಿ ಹುಟ್ಟಿ ಭಾರತದ ಪ್ರಜೆಯಾದ ಫಾದರ್ ಸಂತಾಪಾವ್ ಅಲ್ಲಿ ಪಾಠ ಮಾಡಿದರು. ಮುಂದೆ ಭಾರತೀಯ ಸಸ್ಯ ಸರ್ವೇಕ್ಷಣ ಇಲಾಖೆಯ ನಿರ್ದೇಶಕರಾದ ಅವರಿಗೆ 1967ರಲ್ಲಿ ಪದ್ಮಶ್ರೀ ಬಂತು. ಅದೇ ಪರಂಪರೆಯಲ್ಲಿ ಪಳಗಿದವರು ಫಾದರ್ ಸೆಸಿಲ್ ಸಲ್ಡಾನ್ಹಾ.

1963ರಲ್ಲಿ ಸಲ್ಡಾನ್ಹಾ ಸ್ವಾಮಿ ಪಶ್ಚಿಮ ಭಾರತದ ಸ್ಟ್ರೈಗಗಳನ್ನು ಪರಿಶೀಲಿಸಿ ಒಂದು ಲೇಖನ ಬರೆದರು. ನಾಲ್ಕೇ ಪುಟಗಳದ್ದು. ಹಳೆಯ ಪುಸ್ತಕಗಳಲ್ಲಿ ಯೂಫ್ರೇಸಿಯಾಯ್ಡೀಸ್ ಎಂದು ಬರೆಯುತ್ತಿದ್ದ ನಮ್ಮ ಹದಿನೈದು ಗೆರೆಯ ಗಿಡಕ್ಕೆ ಸ್ಟ್ರೈಗ ಅಂಗುಸ್ಟಿಫೋಲಿಯ ಎಂಬ ಹೆಸರನ್ನು ನೆಲೆಗೊಳಿಸಿದವರು ಅವರೇ. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಆ ಹೆಸರನ್ನು ಪೂರ್ತಿಯಾಗಿ ಬರೆದರೂ ಕೊನೆಯಲ್ಲಿ ಸಲ್ಡಾನ್ಹಾ ಎಂದು ಬರೆಯಬೇಕು. ಒಬ್ಬ ಯೇಸು ಸಭೆಯ ಗುರು ತೆರೆದ ಮನೆಯ ಒಳಗೆ 173 ವರ್ಷಗಳ ನಂತರ ಅದೇ ಸಭೆಯ ಇನ್ನೊಬ್ಬ ಗುರು ಕಸ ಗುಡಿಸಿ ವಸ್ತುಗಳನ್ನು ಒಪ್ಪವಾಗಿ ಇಟ್ಟ ಹಾಗಾಯಿತು.

ಸಲ್ಡಾನ್ಹಾ ಅವರು ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿದ್ದು, ಅಮೆರಿಕದ ಡ್ಯಾನ್ ನಿಕೋಲ್ಸನ್ ಅವರೊಡನೆ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥವನ್ನು ಹೊರತಂದರು. ಕರ್ನಾಟಕ ರಾಜ್ಯದ ಸಸ್ಯಗಳ ಗ್ರಂಥಮಾಲೆಯ ಮೊದಲ ಸಂಪುಟ 1984ರಲ್ಲಿ, ಎರಡನೆಯದು 1996ರಲ್ಲಿ ಬಂತು. 2002ರಲ್ಲಿ ಅವರು ನಿಧನರಾದರು. ಸಂಪುಟಗಳಲ್ಲಿ ಕುಟುಂಬಗಳು ಒಂದು ಕ್ರಮದಲ್ಲಿ ಬರುತ್ತವೆ. ಅವರು ಯೌವನದಲ್ಲಿ ಪ್ರೀತಿಯಿಂದ ಅಭ್ಯಸಿಸಿದ ಸ್ಕ್ರೋಫುಲೇರಿಯೇಸಿ ಕುಟುಂಬದ ಸರದಿ ಬರುವ ಮೊದಲೇ ಎರಡನೆಯ ಸಂಪುಟ ಮುಗಿದಿತ್ತು.

ಹೆಸರಿನಿಂದ ಆಗುವುದೇನು?

ಇಷ್ಟೆಲ್ಲ ಒಂದು ಕಳೆಯ ಹೆಸರಿಗಾಗಿಯೇ ಎಂದು ಓದುಗರು ಕೇಳಬಹುದು. 1950ರ ದಶಕದಲ್ಲಿ ಅಮೆರಿಕದ ಕೆರೊಲಿನಾ ಪ್ರದೇಶದ ಮೆಕ್ಕೆಜೋಳದ ಹೊಲಗಳು ಕಾರಣ ತಿಳಿಯದೆ ಸೊರಗುತ್ತಿದ್ದವು. ಬರವೋ, ರೋಗವೋ ಎಂದು ತಲೆ ಕೆಡಿಸಿಕೊಂಡರು. 1956ರಲ್ಲಿ ಅಲ್ಲಿಗೆ ಹೋಗಿದ್ದ ಭಾರತದ ವಿದ್ಯಾರ್ಥಿಯೊಬ್ಬರು ಆ ಹೊಲದ ಸಣ್ಣ ಗಿಡವನ್ನು ನೋಡಿ ಇದು ನಮ್ಮೂರಿನ ಕಳೆ ಎಂದು ಗುರುತಿಸಿದರು. ಅದು ಸ್ಟ್ರೈಗ ಏಷ್ಯಾಟಿಕ. ಗುರುತು ಸಿಕ್ಕಿದ ಮೇಲೆಯೇ ಅದನ್ನು ಹತೋಟಿಗೆ ತರುವ ಕೆಲಸ ಆರಂಭವಾದದ್ದು. ಗಿಡ ಅಷ್ಟು ಕಾಲವೂ ಕಣ್ಣೆದುರಿಗಿತ್ತು. ಇಲ್ಲದೆ ಇದ್ದದ್ದು ಅದರ ಹೆಸರು. ಪೈರನ್ನು ಕಾಡುವ ಜಾತಿ ಯಾವುದು, ಬರೀ ಕಾಡುಹುಲ್ಲಿನ ಮೇಲೆ ಬದುಕುವ ಜಾತಿ ಯಾವುದು ಎಂದು ತಿಳಿಯದ ರೈತ ಎರಡಕ್ಕೂ ಹೆದರುತ್ತಾನೆ, ಇಲ್ಲವೆ ಎರಡನ್ನೂ ಬಿಟ್ಟುಬಿಡುತ್ತಾನೆ.

ಲೊರೇರೊ ಅವರ ಲೂಟಿಯವನ್ನು ಇಂದು ಬಹುತೇಕ ಗ್ರಂಥಗಳು ಲಿನ್ನೇಯಸನ ಏಷ್ಯಾಟಿಕದೊಳಗೆ ಸೇರಿಸಿವೆ. 1974ರಲ್ಲಿ ಹೆಪ್ಪರ್ ಎಂಬವರು ಈ ಎರಡು ಹೆಸರುಗಳ ವ್ಯಾಜ್ಯವನ್ನೇ ಕುರಿತು ಬರೆದರು. ಮನೆತನದ ಹೆಸರಾಗಿ ಸ್ಟ್ರೈಗ ಮಾತ್ರ ಲೊರೇರೊ ಅವರದಾಗಿಯೇ ಉಳಿಯಿತು. 2000ದ ನಂತರ ಡಿಎನ್ಎ ಪರೀಕ್ಷೆಗಳು ಹಳೆಯ ಸ್ಕ್ರೋಫುಲೇರಿಯೇಸಿ ಕುಟುಂಬವನ್ನೇ ಒಡೆದವು. ಪರರ ಬೇರಿನಿಂದ ಹೀರುವ ಸ್ಟ್ರೈಗ ಈಗ ಒರೊಬ್ಯಾಂಕೇಸಿ ಕುಟುಂಬದಲ್ಲಿದೆ. ನೀರಂಚಿನ ಬ್ರಾಹ್ಮಿ ಇನ್ನೊಂದು ಕಡೆ ಹೋಗಿದೆ. ಗದ್ದೆ ಬದುವಿನ ಲಿಂಡರ್ನಿಯ ತನ್ನದೇ ಮನೆ ಮಾಡಿಕೊಂಡಿದೆ. ತಿದ್ದುಪಡಿ ಇನ್ನೂ ಮುಗಿದಿಲ್ಲ.

ಗುರುಮಠದಲ್ಲಿದ್ದಾಗ ಮತ್ತಾಯರ ಶುಭಸಂದೇಶದ 13ನೇ ಅಧ್ಯಾಯದ ಕಳೆಯ ಸಾಮತಿಯನ್ನು ನಾವು ಎಷ್ಟೋ ಬಾರಿ ಧ್ಯಾನಿಸಿದ್ದೇವೆ. ಗೋದಿಯ ನಡುವೆ ಬೆಳೆದ ಆ ಕಳೆ ತೆನೆ ಬರುವವರೆಗೂ ಗೋದಿಯಂತೆಯೇ ಕಾಣುತ್ತದೆ ಎನ್ನುತ್ತಾರೆ. ಕಿತ್ತೆಸೆಯಲು ಆತುರಪಟ್ಟ ಆಳುಗಳನ್ನು ಯಜಮಾನ ತಡೆದನು. ಯಾವುದು ಯಾವುದೆಂದು ತಿಳಿಯದೆ ಕೈ ಹಾಕಿದರೆ ಗೋದಿಗೇ ಪೆಟ್ಟು. ಪ್ರಬೋಧನೆಗಳಲ್ಲಿ ನಾವು ಈ ಸಾಮತಿಯನ್ನು ಮನುಷ್ಯರ ತೀರ್ಪಿಗೆ ಅನ್ವಯಿಸುತ್ತೇವೆ, ಅದು ಸರಿಯೇ. ಲೊರೇರೊ ಅವರ ಬಾಳನ್ನು ಓದಿದ ಮೇಲೆ ಇನ್ನೊಂದು ಮಾತು ನಮಗೆ ಹೊಳೆಯುತ್ತದೆ. ತಾಳ್ಮೆಯಿಂದ ಕಾಯುವುದೆಂದರೆ ಕಣ್ಣು ಮುಚ್ಚಿ ಕೂರುವುದಲ್ಲ. ಬಗ್ಗಿ ನೋಡುವುದು, ಎಣಿಸುವುದು, ತಪ್ಪಿದ್ದನ್ನು ಮುಂದಿನವರು ತಿದ್ದುವಂತೆ ಪ್ರಾಮಾಣಿಕವಾಗಿ ಬರೆದಿಡುವುದು.

ಆದಿಕಾಂಡದಲ್ಲಿ ದೇವರು ಜೀವಿಗಳನ್ನು ಆದಾಮನ ಮುಂದೆ ತಂದು ಹೆಸರಿಡಲು ಬಿಟ್ಟರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಲೌದಾತೊ ಸೀ ವಿಶ್ವಪತ್ರದಲ್ಲಿ ಪ್ರತಿಯೊಂದು ಸೃಷ್ಟಿಗೂ ತನ್ನದೇ ಬೆಲೆಯಿದೆ ಎಂದು ನೆನಪಿಸಿದರು. ತನ್ನ ಸಭೆಯನ್ನು ಕಳೆದುಕೊಂಡ ಒಬ್ಬ ಗುರು ಯಾರಿಗೂ ಬೇಡವಾದ ಕಳೆಗೂ ಹೆಸರು ಹುಡುಕಿ ಆ ಮಾತನ್ನು ಮೊದಲೇ ಬದುಕಿ ತೋರಿಸಿದರು.

ಮುಂದಿನ ಮೊಂತಿ ಹಬ್ಬಕ್ಕೆ ಹೂ ಕೊಯ್ಯುವಾಗ ಮನೆಯ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಬುಟ್ಟಿಯಲ್ಲಿರುವ ಒಂದು ಕಾಡುಹೂವನ್ನಾದರೂ ಎತ್ತಿ ಅದರ ಹಸಿರು ಬಟ್ಟಲಿನ ಗೆರೆಗಳನ್ನು ಮಕ್ಕಳೊಂದಿಗೆ ಎಣಿಸಿರಿ. ಅಜ್ಜಿಗೆ ಅದರ ಕೊಂಕಣಿ ಅಥವಾ ತುಳು ಹೆಸರು ಗೊತ್ತಿದ್ದರೆ ಮಕ್ಕಳಿಂದ ಬರೆಯಿಸಿ ಇಡಿರಿ. ಹೂವನ್ನು ಮರಿಯಮ್ಮನವರಿಗೆ ಅರ್ಪಿಸುವಾಗ, ಹೆಸರಿಲ್ಲದ ಹೂಗಳಿಗಾಗಿ ಬಾಳು ಸವೆಸಿದ ಫಾದರ್ ಲೊರೇರೊ ಮತ್ತು ಫಾದರ್ ಸಲ್ಡಾನ್ಹಾ ಅವರ ಆತ್ಮಗಳಿಗಾಗಿಯೂ ಒಂದು ನಮೋ ಮರಿಯ ಸಲ್ಲಿಸೋಣ.